ಕಾಗೆ, ಕಣಜ, ಕೊಳಗ

ಕಷ್ಟಕಾಲದಲ್ಲಿ ದೇವರನ್ನು ನಂಬಿ ಧೈರ್ಯದಿಂದಿರಬೇಕೆಂಬ ಉಪದೇಶವು ಎಲ್ಲ ಮತಗಳಲ್ಲಿಯೂ ಉಂಟು. ಎಲ್ಲ ಭಾಷೆಗಳ ಸಾಹಿತ್ಯದಲ್ಲಿಯೂ ಉಂಟು. ಆ ಉಪದೇಶದ ತತ್ತ್ವವನ್ನು ನಿರ್ಣಯಿಸುವುದು ಧರ್ಮಶಾಸ್ತ್ರಜ್ಞರ ಕೆಲಸ. ಸಾಹಿತ್ಯವಿಮರ್ಶೆಯು ಕೇಳಬೇಕಾದ ಪ್ರಶ್ನೆ ಬೇರೆ. ಆ ಮಾತನ್ನು ಆಡುವವರು ಯಾರು? ಯಾರಿಗೆ ಆಡುತ್ತಾರೆ? ಎಂತಹ ದೃಷ್ಟಾಂತವನ್ನು ಕೊಟ್ಟು ಆಡುತ್ತಾರೆ? ಉಂಡು ತೇಗಿದವನು ಹಸಿದವನಿಗೆ “ದೇವರಿದ್ದಾನೆ” ಎಂದು ಹೇಳಿ ಕಳುಹಿಸಿದರೆ ಅದು ಅಪಹಾಸ್ಯದಂತೆ ಕೇಳಿಸುವುದು. ಹಸಿದವನು ತನಗೆ ತಾನೇ ಅದೇ ಮಾತನ್ನು ಹೇಳಿಕೊಂಡರೆ ಅದಕ್ಕಿಂತ ದೊಡ್ಡ ಧೈರ್ಯವಿಲ್ಲ. ಶಬ್ದಗಳು ಒಂದೇ ಆಗಿದ್ದರೂ ಅರ್ಥವು ಹೀಗೆ ತಲೆಕೆಳಗಾಗುತ್ತದೆ. ಈ ಭೇದವನ್ನು ನಮ್ಮ ಕವಿಗಳು ಎಷ್ಟರಮಟ್ಟಿಗೆ ಅರಿತಿದ್ದರು, ಕನ್ನಡದ ಉಡುಪನ್ನು ಉಟ್ಟು ಬಂದ ಕ್ರೈಸ್ತ ಗ್ರಂಥವು ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಜಿಲ್ಲೆಯವರಿಗೆ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. ಬೆಂಕಿಪುರವೆಂಬ ಸಣ್ಣ ಊರು ಭದ್ರಾವತಿಯೆಂಬ ಪಟ್ಟಣವಾಗಿ ಬೆಳೆದದ್ದು 1918ರಲ್ಲಿ ಸ್ಥಾಪಿತವಾದ ಕಬ್ಬಿಣದ ಕಾರ್ಖಾನೆಯಿಂದ. 1923ರಲ್ಲಿ ಅದರ ಕುಲುಮೆಗೆ ಬೆಂಕಿ ಬಿದ್ದಿತು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ಇವೆರಡನ್ನು ನಂಬಿ ಕನ್ನಡನಾಡಿನ ಮೂಲೆಮೂಲೆಗಳಿಂದಲ್ಲದೆ ತಮಿಳು, ತೆಲುಗು, ಮಲೆಯಾಳ ನಾಡುಗಳಿಂದಲೂ ಜನ ಬಂದು ನೆಲೆಸಿದರು. ಹಾಗೆ ನೆಲೆಸಿದವರಲ್ಲಿ ಕ್ರೈಸ್ತ ಮನೆತನಗಳೂ ಸೇರಿವೆ. ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತುವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರವು ಹೊರಬಿದ್ದಾಗ ಗುತ್ತಿಗೆಯ ಕಾರ್ಮಿಕರು ಬಹುಕಾಲ ಧರಣಿ ಕುಳಿತರು. ಅಂತಹ ಊರಿನ ದೇವಾಲಯದಲ್ಲಿ ಭಾನುವಾರದ ದಿನ ಕಾಗೆಗಳನ್ನೂ ಅಡವಿಯ ಹೂವುಗಳನ್ನೂ ಕುರಿತ ಸುವಾರ್ತೆಯ ಪಾಠವು ಓದಲ್ಪಟ್ಟರೆ, ಸಂಬಳ ನಿಂತ ಮನೆಯ ಯಜಮಾನನಿಗೂ ಗೃಹಿಣಿಗೂ ಅದು ಹೇಗೆ ಕೇಳಿಸೀತು? ಬಿತ್ತದೆ ಕೊಯ್ಯದೆ ಇರುವ ಕಾಗೆಯನ್ನು ದೇವರು ಸಾಕುತ್ತಾನೆಂಬ ಮಾತು ಅವರಿಗೆ ಊರೆಗೋಲಾದೀತೆ, ಅಥವಾ ಬಾಯಿ ಮುಚ್ಚಿಸುವ ಉಪಾಯವಾಗಿ ತೋರೀತೆ?

ಇದಕ್ಕೆ ಉತ್ತರ ಕೊಡುವ ಮೊದಲು ಆ ಪಾಠವನ್ನು ಅದರ ಸ್ಥಾನದಲ್ಲಿಟ್ಟು ಓದತಕ್ಕದ್ದು. ಮತ್ತಾಯನ ಸುವಾರ್ತೆಯ ಗಿರಿಪ್ರಸಂಗದಲ್ಲಿ ಆಕಾಶದ ಹಕ್ಕಿಗಳೆಂದು ಸಾಮಾನ್ಯವಾಗಿ ಹೇಳಿರುವುದು ಲೂಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಕಾಗೆಗಳೆಂದು ವಿಶೇಷವಾಗಿದೆ. ಉಪದೇಶಕರು ಸಾಮಾನ್ಯವಾಗಿ ಕಾಗೆ, ಹೂವುಗಳ ಭಾಗವನ್ನು ಮಾತ್ರ ಕತ್ತರಿಸಿ ತೆಗೆದುಕೊಳ್ಳುತ್ತಾರೆ. ಆದರೆ ಆ ಅಧ್ಯಾಯವನ್ನು ಒಂದೇ ಪ್ರಬಂಧವೆಂದು ಭಾವಿಸಿ ಓದಿದವರಿಗೆ ಅದರ ಕಟ್ಟಡದ ಚಾತುರ್ಯವು ಕಾಣಿಸದೆ ಇರದು. ಮೊದಲು ಆಸ್ತಿಯ ಪಾಲನ್ನು ಕೊಡಿಸೆಂದು ತಮ್ಮನೊಬ್ಬನು ಅಣ್ಣನ ಮೇಲೆ ತರುವ ದೂರಿನಂತಹ ಒಂದು ದಾಯಾದಿ ವ್ಯಾಜ್ಯ. ನ್ಯಾಯಾಧಿಪತಿಯಾಗಲು ಒಪ್ಪದ ಗುರುವು ಅದರ ಬದಲು ಐಶ್ವರ್ಯವಂತನಾದ ಒಬ್ಬ ಬೇಸಾಯಗಾರನ ಕಥೆಯನ್ನು ಹೇಳುತ್ತಾನೆ. ಆ ಕಥೆ ಮುಗಿದೊಡನೆ ಕಾಗೆ ಮತ್ತು ಹೂವುಗಳ ದೃಷ್ಟಾಂತ. ಅದರ ಬೆನ್ನಿಗೆ ಇದ್ದುದನ್ನು ದಾನಮಾಡಿರೆಂಬ ಅಪ್ಪಣೆ. ಕೊನೆಗೆ ನಂಬಿಗಸ್ತನಾದ ಒಬ್ಬ ಮನೆವಾರ್ತೆಯವನ ಕಥೆ. ವ್ಯಾಜ್ಯ, ಕಣಜ, ಕಾಗೆ, ದಾನ, ಮನೆವಾರ್ತೆ ಎಂಬ ಈ ಐದು ಮೆಟ್ಟಲುಗಳಲ್ಲಿ ನಡುವಿನ ಒಂದನ್ನು ಕಿತ್ತು ತಂದರೆ ಏರುವ ದಾರಿ ತಪ್ಪುವುದು ಸಹಜವೇ ಸರಿ.

ಆ ಬೇಸಾಯಗಾರನು ಕಳ್ಳನಲ್ಲ. ಕೂಲಿಯವರ ಹೊಟ್ಟೆಯ ಮೇಲೆ ಹೊಡೆದವನೆಂದು ಕಥೆ ಹೇಳುವುದಿಲ್ಲ. ಅವನ ಭೂಮಿ ಚೆನ್ನಾಗಿ ಬೆಳೆಯಿತು, ಅಷ್ಟೆ. ಬೆಳೆಯನ್ನಿಡಲು ಸ್ಥಳ ಸಾಲದೆ ಹಳೆಯ ಕಣಜಗಳನ್ನು ಕೀಳಿಸಿ ದೊಡ್ಡವನ್ನು ಕಟ್ಟಿಸಬೇಕೆಂದು ಅವನು ಆಲೋಚಿಸುತ್ತಾನೆ. ಇದರಲ್ಲಿ ತಪ್ಪೇನು ಎಂದು ನಮ್ಮ ಯಾವ ಗೃಹಸ್ಥನಾದರೂ ಕೇಳಬಹುದು. ತಪ್ಪು ಅವನ ಕೆಲಸದಲ್ಲಿಲ್ಲ, ಅವನ ವ್ಯಾಕರಣದಲ್ಲಿದೆ. ಅವನ ಭಾಷಣದಲ್ಲಿ ಬೆಳೆ ನನ್ನದು, ಕಣಜ ನನ್ನದು, ದವಸ ನನ್ನದು, ಜೀವವೂ ನನ್ನದೇ. ಕೊಯ್ದ ಆಳಿಲ್ಲ, ತುಳಿದ ಎತ್ತಿಲ್ಲ, ಹೆಂಡತಿ ಮಕ್ಕಳಿಲ್ಲ, ನೆರೆಮನೆಯವನಿಲ್ಲ. ಮಾತನಾಡಿಸಲು ಮತ್ತೊಬ್ಬನಿಲ್ಲದೆ ಅವನು ತನ್ನ ಜೀವವನ್ನೇ ಸಂಬೋಧಿಸಿ, ಅನೇಕ ವರ್ಷಗಳಿಗೆ ಸಾಕಾಗುವಷ್ಟಿದೆ, ಉಣ್ಣು, ಕುಡಿ, ಸುಖಪಡು ಎನ್ನುತ್ತಾನೆ. ಆ ರಾತ್ರಿಯೇ ಜೀವವನ್ನು ಅವನಿಂದ ಕೇಳಲಾಗುತ್ತದೆ. ಮೂಲ ಗ್ರೀಕಿನಲ್ಲಿರುವ ಕ್ರಿಯಾಪದಕ್ಕೆ ಕೊಟ್ಟುದನ್ನು ಹಿಂದಕ್ಕೆ ಕೇಳುವುದೆಂಬ ಅರ್ಥವುಂಟು. ಕೈಗಡವನ್ನು ಮರಳಿ ಕೇಳುವಂತೆ. ಕಣಜವನ್ನಿರಲಿ, ಜೀವವನ್ನು ಕೂಡ ಅವನು ಕಡವಾಗಿ ಪಡೆದವನೆಂಬುದು ಆ ಒಂದು ಶಬ್ದದಿಂದಲೇ ಹೊರಬೀಳುತ್ತದೆ.

ಅಧ್ಯಾಯದ ಇನ್ನೊಂದು ತುದಿಯಲ್ಲಿ ಮನೆವಾರ್ತೆಯವನಿದ್ದಾನೆ. ಕನ್ನಡ ಬೈಬಲ್ಲಿನ ಅನುವಾದಕರು ಆರಿಸಿದ ಈ ಪದವನ್ನು ಎಷ್ಟು ಕೊಂಡಾಡಿದರೂ ಸಾಲದು. ಇಲ್ಲಿ ವಾರ್ತೆಯೆಂದರೆ ಸುದ್ದಿಯಲ್ಲ. ಕೃಷಿ, ಪಶುಪಾಲನೆ, ವ್ಯಾಪಾರ ಎಂಬ ಜೀವನೋಪಾಯಗಳನ್ನು ನಮ್ಮ ಹಿಂದಿನ ಅರ್ಥಶಾಸ್ತ್ರಕಾರರು ವಾರ್ತೆಯೆಂದು ಕರೆದಿರುವುದನ್ನು ವಾಚಕರು ಬಲ್ಲರು. ಮನೆಯ ಜೀವನವನ್ನು ನಡೆಸುವ ಹೊಣೆ ಹೊತ್ತವನು ಮನೆವಾರ್ತೆಯವನು. ಮೂಲದ ಗ್ರೀಕ್ ಪದಕ್ಕೂ ಮನೆಯನ್ನು ನಿರ್ವಹಿಸುವವನೆಂದೇ ಅರ್ಥ. ಅವನ ಮುಖ್ಯ ಕರ್ತವ್ಯವೆಂದು ಸುವಾರ್ತೆಯು ಹೇಳುವುದು ಒಂದನ್ನೇ: ಮನೆಯವರಿಗೆ ಹೊತ್ತುಹೊತ್ತಿಗೆ ಅವರ ಪಾಲಿನ ಧಾನ್ಯವನ್ನು ಅಳೆದುಕೊಡುವುದು. ಧಾನ್ಯದ ಅಳತೆ ಎಂದೇ ಅಲ್ಲಿನ ಮೂಲಪದದ ಅರ್ಥ. ಬೇಸಾಯಗಾರನ ಕೈಯಲ್ಲಿದ್ದುದು ಕಣಜದ ಬೀಗದಕೈ. ಇವನ ಕೈಯಲ್ಲಿರುವುದು ಕೊಳಗ. ಯಜಮಾನನು ತಡಮಾಡುತ್ತಾನೆಂದು ಬಗೆದು ಆಳುಗಳನ್ನು ಹೊಡೆದು ತಾನು ಉಣ್ಣುತ್ತ ಕುಡಿಯುತ್ತ ಕುಳಿತ ಕೆಟ್ಟ ಮನೆವಾರ್ತೆಯವನಿಗೆ ದಂಡನೆಯಾಗುತ್ತದೆ. ಉಣ್ಣು, ಕುಡಿ ಎಂಬ ಬೇಸಾಯಗಾರನ ಮಾತೇ ಇಲ್ಲಿ ಪ್ರತಿಧ್ವನಿಸುವುದನ್ನು ಗಮನಿಸಬೇಕು. ಒಬ್ಬನು ಪರರ ಸೊತ್ತನ್ನು ತನ್ನದೆಂದು ತಿಳಿದ ದಡ್ಡ. ಇನ್ನೊಬ್ಬನು ಪರರದೆಂದು ತಿಳಿದೂ ತನ್ನದರಂತೆ ನುಂಗಿದ ದ್ರೋಹಿ.

ಈ ಇಬ್ಬರ ನಡುವೆ ಕಾಗೆ ಹಾರುತ್ತದೆ. ಅದಕ್ಕೆ ಉಗ್ರಾಣವೂ ಇಲ್ಲ, ಕಣಜವೂ ಇಲ್ಲ. ಹಿಂದೆ ಕಣಜದ ಕಥೆಯನ್ನು ಕೇಳಿ ಬಂದವನಿಗೆ ಇದರ ಅರ್ಥವು ತಾನಾಗಿ ಹೊಳೆಯುತ್ತದೆ. ದುಡಿಯಬೇಡವೆಂದು ಕಾಗೆ ಹೇಳುವುದಿಲ್ಲ; ಬೆಳಗಿನಿಂದ ಸಂಜೆಯವರೆಗೆ ಕಾಗೆಯಷ್ಟು ಅಲೆಯುವ ಪ್ರಾಣಿ ಯಾವುದಿದೆ? ನಾಳೆಯ ಭಯದಿಂದ ಕೈಯನ್ನು ಬಿಗಿಹಿಡಿಯಬೇಡವೆಂಬುದೇ ಅದರ ಪಾಠ. ಭಯವು ಸಡಿಲಿದಾಗಲೇ ಕೈ ಸಡಿಲುವುದು; ಕೈ ಸಡಿಲಿದಾಗಲೇ ಕೊಳಗವು ಅದರಲ್ಲಿ ಕೂರುವುದು. ಹೂವಿನ ದೃಷ್ಟಾಂತದಲ್ಲಿಯೂ ಒಂದು ಸೂಕ್ಷ್ಮವಿದೆ. ಈ ಹೊತ್ತು ಅರಳಿ ನಾಳೆ ಒಲೆಗೆ ಬೀಳುವ ಹುಲ್ಲೆಂದೇ ಅದನ್ನು ಕರೆದಿದೆ. ಬಾಡದೆ ಇರುವ ಭಾಗ್ಯವನ್ನು ದೇವರು ಕೊಡುವನೆಂಬ ಭಾಷೆ ಅಲ್ಲಿಲ್ಲ. ಬಾಡುವುದರ ಮೇಲೂ ಇಷ್ಟು ಬಣ್ಣವನ್ನು ಸುರಿದಿದ್ದಾನೆಂಬ ಬೆರಗು ಮಾತ್ರ ಇದೆ. ಕಷ್ಟವೇ ಬಾರದೆಂದು ಆಣೆಯಿಡುವ ಭರವಸೆಯ ಸಾಹಿತ್ಯಕ್ಕೂ ಇದಕ್ಕೂ ಇರುವ ಅಂತರ ಅಲ್ಪವಲ್ಲ.

ಕನ್ನಡ ಓದುಗನಿಗೆ ಕಾಗೆ ಹೊಸ ದೃಷ್ಟಾಂತವಲ್ಲ. ಬಸವಣ್ಣನವರ ಪ್ರಸಿದ್ಧವಾದ ವಚನವೊಂದರಲ್ಲಿ ಅಗುಳೊಂದನ್ನು ಕಂಡ ಕಾಗೆಯು ತನ್ನ ಬಳಗವನ್ನೆಲ್ಲ ಕೂಗಿ ಕರೆಯುವ ಚಿತ್ರವಿದೆ. ಲೂಕನ ಕಾಗೆ ಪಡೆಯುವ ಕಾಗೆ. ಬಸವಣ್ಣನವರದು ಹಂಚುವ ಕಾಗೆ. ಒಂದು ದೇವರ ಕಡೆಗೆ ಬಾಯಿ ತೆರೆದಿದೆ, ಇನ್ನೊಂದು ನೆರೆಯವರ ಕಡೆಗೆ. ಎರಡನ್ನೂ ಕೂಡಿಸಿದರೆ ಮಾತ್ರ ಪೂರ್ಣವಾದ ಒಂದು ಕಾಗೆಯಾಗುವುದೆಂದು ನಮಗೆ ತೋರುತ್ತದೆ. ಹಳೆಯ ಒಡಂಬಡಿಕೆಯಲ್ಲಿ ಮೂರನೆಯ ಕಾಗೆಯೂ ಉಂಟು. ಬರಗಾಲದಲ್ಲಿ ಹಳ್ಳದ ದಡದಲ್ಲಿ ಅಡಗಿದ್ದ ಪ್ರವಾದಿ ಎಲೀಯನಿಗೆ ಕಾಗೆಗಳು ರೊಟ್ಟಿಯನ್ನೂ ಮಾಂಸವನ್ನೂ ತಂದುಕೊಟ್ಟುವು. ಕಥೆ ಅಲ್ಲಿಗೆ ನಿಂತಿದ್ದರೆ ಅದು ಬರಿಯ ಪವಾಡವಾಗುತ್ತಿತ್ತು. ಆದರೆ ಹಳ್ಳವು ಬತ್ತಿತು. ಪ್ರವಾದಿಯನ್ನು ದೇವರು ಪರನಾಡಿನ ಒಬ್ಬ ಬಡವಿಧವೆಯ ಬಾಗಿಲಿಗೆ ಕಳುಹಿಸಿದನು. ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ತುಸು ಎಣ್ಣೆ; ಅದನ್ನು ಸುಟ್ಟು ತಿಂದು ಮಗನೊಡನೆ ಸಾಯುವೆನೆಂದಿದ್ದ ಆ ತಾಯಿ ಮೊದಲಿನ ರೊಟ್ಟಿಯನ್ನು ಅತಿಥಿಗೆ ಕೊಟ್ಟಳು. ಹಿಟ್ಟು ತೀರಲಿಲ್ಲವೆಂದು ಕಥೆ. ಕಾಗೆಯ ಕೆಲಸವನ್ನು ಇಲ್ಲಿ ಮನುಷ್ಯಳು ಕೈಕೊಂಡಳೆಂಬುದೇ ಈ ಕಥೆಯ ತಿರುವು. ದೈವದ ಒದಗಣೆಯು ಕಾಗೆಯ ಕೊಕ್ಕಿನಿಂದ ಇಳಿದು ಬಡವಳ ಹಿಡಿಗೆ ಬಂದಿತು.

ನಮ್ಮಲ್ಲಿ ಪ್ರಚಾರದಲ್ಲಿರುವ ಅನೇಕ ಭಕ್ತಿಕಥೆಗಳ ದೋಷವು ಇಲ್ಲಿಯೇ ಬಯಲಾಗುತ್ತದೆ. ಮನೆಯಲ್ಲಿ ಕಾಳಿಲ್ಲ, ಮನೆಯವರು ಪ್ರಾರ್ಥಿಸಿದರು, ಬಾಗಿಲು ತೆರೆದರೆ ಅಕ್ಕಿಯ ಮೂಟೆ ಇತ್ತು. ಹಿಂದೂ ಮನೆಯ ಕಥೆಯಾಗಲಿ ಕ್ರೈಸ್ತ ಮನೆಯ ಕಥೆಯಾಗಲಿ, ಅಚ್ಚು ಒಂದೇ. ಆ ಮೂಟೆಯನ್ನು ಹೊತ್ತು ತಂದವನಾರೆಂದು ಕಥೆಗಾರನು ಹೇಳುವುದಿಲ್ಲ. ಹೇಳಿದರೆ ಪವಾಡಕ್ಕೆ ಕುಂದೆಂದು ಅವನ ಎಣಿಕೆ. ವಾಸ್ತವವಾಗಿ ಮೂಟೆಯನ್ನು ಹೊತ್ತವನೇ ಆ ಕಥೆಯ ನಾಯಕ. ಕತ್ತಲಲ್ಲಿ ಬಂದು ನೆರೆಯವರ ಮಾನವನ್ನು ಕಾಯ್ದು ಸದ್ದಿಲ್ಲದೆ ಇಳಿಸಿಹೋದವನ ಹೆಗಲನ್ನು ಅಳಿಸಿಹಾಕಿ ದೇವರ ಮಹಿಮೆಯನ್ನು ಬರೆಯುವುದು ಸಾಹಿತ್ಯದ ದೃಷ್ಟಿಯಿಂದಲೂ ಕೊರತೆಯೇ. ಏಕೆಂದರೆ ಓದುಗನು ಮೂಟೆಗಾಗಿ ಕಾಯಲು ಕಲಿಯುವನೇ ಹೊರತು ಮೂಟೆ ಹೊರಲು ಕಲಿಯುವುದಿಲ್ಲ.

ಇನ್ನು, ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಭರವಸೆಯ ಮಾತನ್ನು ಯಾರಿಗೆ ಆಡಬೇಕು? ಕನಕದಾಸರ ಕೀರ್ತನೆಗಳಲ್ಲಿ ತಲ್ಲಣಗೊಂಡ ಮನಸ್ಸನ್ನು ಸಂತೈಸುವ ಒಂದು ಪದವು ಕನ್ನಡಿಗರಿಗೆಲ್ಲ ಕಂಠಪಾಠವಾಗಿದೆ. ಬೆಟ್ಟದ ನೆತ್ತಿಯ ಮರಕ್ಕೆ ನೀರೆರೆದವರಾರು, ಕಾಡಿನ ಮೃಗಪಕ್ಷಿಗಳಿಗೆ ಉಣಿಸಿದವರಾರು, ಬಂಡೆಯೊಳಗಿನ ಕಪ್ಪೆಯನ್ನು ಸಾಕಿದವರಾರು ಎಂದು ಅದು ಕೇಳುತ್ತ ಹೋಗುತ್ತದೆ. ಗಿರಿಪ್ರಸಂಗದ ಹಕ್ಕಿ ಹೂವುಗಳಿಗೆ ಇದು ಎಷ್ಟು ಸಮೀಪವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಹೋಲಿಕೆಗಿಂತ ಮುಖ್ಯವಾದುದು ಸಂಬೋಧನೆ. ದಾಸರು ಆ ಮಾತನ್ನು ನೆರೆಯವನಿಗೆ ಹೇಳಲಿಲ್ಲ, ಊರಿಗೆ ಹೇಳಲಿಲ್ಲ. ತಮ್ಮ ಮನಸ್ಸಿಗೆ ಹೇಳಿಕೊಂಡರು. ದಾವೀದನ ಕೀರ್ತನೆಗಳೆಂದು ಪ್ರಸಿದ್ಧವಾದ ಸಂಗ್ರಹದ 42ನೆಯ ಕೀರ್ತನೆಯಲ್ಲಿಯೂ ಹಾಡುವವನು ತನ್ನ ಕುಗ್ಗಿದ ಮನಸ್ಸನ್ನೇ ಕರೆದು ಪ್ರಶ್ನಿಸುತ್ತಾನೆ. ಲೂಕನ ಬೇಸಾಯಗಾರನೂ ತನ್ನ ಜೀವವನ್ನೇ ಕರೆದನಷ್ಟೆ. ಅಲಂಕಾರವೊಂದೇ, ಫಲ ಬೇರೆ. ತುಂಬಿದ ಕಣಜದ ಮುಂದೆ ನಿಂತು ತನ್ನ ಜೀವಕ್ಕೆ ಸಮಾಧಾನ ಹೇಳಿದವನು ಮೂಢನೆನಿಸಿದನು. ಬರಿಗೈಯಲ್ಲಿ ನಿಂತು ತನ್ನ ಮನಸ್ಸಿಗೆ ಸಮಾಧಾನ ಹೇಳಿದವರು ಭಕ್ತರೆನಿಸಿದರು.

ಇದರಿಂದ ಒಂದು ಸೂತ್ರವನ್ನು ಎತ್ತಬಹುದು. ಭರವಸೆಯ ಮಾತು ತನ್ನ ಮನಸ್ಸಿಗೆ. ನೆರೆಯವನಿಗೆ ಸಲ್ಲತಕ್ಕದ್ದು ಕೊಳಗ. ಇವುಗಳನ್ನು ಅದಲುಬದಲು ಮಾಡಿ, ಕೊಳಗವನ್ನು ತನಗಿಟ್ಟುಕೊಂಡು ಭರವಸೆಯನ್ನು ನೆರೆಯವನಿಗೆ ಹಂಚಿದಾಗ ಧರ್ಮವು ಕೆಡುತ್ತದೆ, ಸಾಹಿತ್ಯವೂ ಕೆಡುತ್ತದೆ. ಹೊಸ ಒಡಂಬಡಿಕೆಯಲ್ಲಿ ಯಾಕೋಬನು ಬರೆದ ಪತ್ರವು ಇದನ್ನು ನಿಷ್ಠುರವಾಗಿ ಖಂಡಿಸಿದೆ. ಬಟ್ಟೆಯೂ ಅನ್ನವೂ ಇಲ್ಲದ ಸೋದರನಿಗೆ, ಸುಖವಾಗಿ ಹೋಗು, ಬೆಚ್ಚಗಿರು ಎಂದು ಹರಸಿ ಬರಿಗೈಯಲ್ಲಿ ಕಳುಹಿಸಿದರೆ ಪ್ರಯೋಜನವೇನೆಂದು ಅದು ಕೇಳುತ್ತದೆ. ಧಾತು ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಹಿರಿಯರು ನೆನೆದು ನಡುಗುತ್ತಿದ್ದ 1876–78ರ ಕ್ಷಾಮದ ಲೆಕ್ಕವನ್ನು ನೋಡಿದವರಿಗೆ ಈ ಪ್ರಶ್ನೆಯ ತೂಕ ತಿಳಿಯುವುದು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಸತ್ತವರಲ್ಲಿ ದೇವರನ್ನು ನಂಬಿದವರಿರಲಿಲ್ಲವೆಂದು ಹೇಳುವ ಎದೆ ಯಾರಿಗಿದೆ? ನಂಬಿಕೆ ಸಾಲದೆ ಅವರು ಸತ್ತರೆಂದು ಬರೆಯುವ ಲೇಖನಿ ಮುರಿದುಬೀಳಲಿ. ಕೊರತೆಯಾದದ್ದು ಮಳೆ, ಅದಾದ ಮೇಲೆ ಕೊರತೆಯಾದದ್ದು ಕೊಳಗ. ಆ ಕಾಲದಲ್ಲಿ ಕ್ರೈಸ್ತ ಮಿಶನ್ನುಗಳು ತೆರೆದ ಅನಾಥಾಲಯಗಳು ಎಷ್ಟೋ ಮಕ್ಕಳನ್ನು ಉಳಿಸಿದುವು. ಅನ್ನದೊಡನೆ ಮತವನ್ನೂ ಬಡಿಸಿದರೆಂಬ ಆಕ್ಷೇಪವೂ ಅವುಗಳ ಮೇಲೆ ಬಂದಿತು. ಲೂಕನ ಮನೆವಾರ್ತೆಯವನು ಧಾನ್ಯವನ್ನು ಅಳೆಯುವಾಗ ಯಾವ ಷರತ್ತನ್ನೂ ಹಾಕುವುದಿಲ್ಲವೆಂಬುದನ್ನು ಆ ಆಕ್ಷೇಪಕ್ಕೆ ಉತ್ತರ ಹೇಳುವವರೂ ನೆನೆಯಬೇಕು.

ಇಲ್ಲಿ ಬುದ್ಧಿವಂತನಾದ ಓದುಗನು ಒಂದು ಅಡ್ಡಪ್ರಶ್ನೆಯನ್ನು ಹಾಕಬಹುದು. ಕೊಳಗ ಬೇಕಾದರೆ ಕಣಜವೂ ಬೇಕಷ್ಟೆ. ಕೂಡಿಡುವುದು ಅವಿಶ್ವಾಸವಾದರೆ ಕಷ್ಟಕಾಲದಲ್ಲಿ ಅಳೆಯುವುದು ಏನನ್ನು? ಈ ಪ್ರಶ್ನೆ ನ್ಯಾಯವಾದದ್ದು. ಬೈಬಲ್ಲು ಇದರ ಎರಡು ಮುಖಗಳನ್ನೂ ತೋರಿಸುತ್ತದೆ. ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ದೊರೆತ ಮನ್ನವನ್ನು ಅವರು ಆಯಾ ದಿನಕ್ಕೆ ಬೇಕಾದಷ್ಟು ಮಾತ್ರ ಆಯಬೇಕಾಗಿತ್ತು. ನಾಳೆಗೆಂದು ಬಚ್ಚಿಟ್ಟದ್ದು ಹುಳಬಿದ್ದು ನಾರಿತು. ಐಗುಪ್ತದಲ್ಲಿ ಯೋಸೇಫನಾದರೋ ಸುಭಿಕ್ಷದ ಏಳು ವರ್ಷ ಐದನೆಯ ಒಂದು ಪಾಲನ್ನು ಕೂಡಿಟ್ಟು ಬರದ ಏಳು ವರ್ಷ ದೇಶವನ್ನು ಉಳಿಸಿದನು. ಯೋಸೇಫನು ಕಟ್ಟಿದ್ದು ಲೂಕನ ಬೇಸಾಯಗಾರನು ಕಟ್ಟಬೇಕೆಂದಿದ್ದಂತಹ ಕಣಜಗಳನ್ನೇ. ಭೇದವಿರುವುದು ಧಾನ್ಯದಲ್ಲಲ್ಲ, ಬಾಗಿಲಿನಲ್ಲಿ: ಒಂದು ಕಣಜದ ಬಾಗಿಲು ಬರ ಬಂದಾಗ ಊರಿಗೆ ತೆರೆಯುವುದು, ಇನ್ನೊಂದರದು ತೆರೆಯದು.

ಕನ್ನಡದಲ್ಲಿಯೂ ಈ ಎರಡು ಮುಖಗಳು ಹಾಗೆಯೇ ಇವೆ. ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹವನ್ನು ನಡೆಸುತ್ತಿದ್ದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚಾಗಿ ತಂದಾಗ ಮಡದಿ ಲಕ್ಕಮ್ಮನು ಅದನ್ನು ಒಲ್ಲದೆ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬಾರೆಂದು ಕಳುಹಿಸಿದಳು. ಮನ್ನದ ಕಥೆಗೆ ಇದಕ್ಕಿಂತ ಒಳ್ಳೆಯ ಭಾಷ್ಯವನ್ನು ಯಾವ ಪಂಡಿತನೂ ಬರೆದಿಲ್ಲ. ಬಡವಳ ಬಾಯಲ್ಲಿ ಬಂದುದರಿಂದ ಅದಕ್ಕೆ ಬೆಲೆ. ಶ್ರೀಮಂತನು ಬಡವನಿಗೆ, ನಿನಗೆ ಇಷ್ಟು ಸಾಕು ಎಂದಿದ್ದರೆ ಅದು ಕ್ರೌರ್ಯವಾಗುತ್ತಿತ್ತು. ಇನ್ನೊಂದು ಮುಖವನ್ನು ತೋರಿಸಿದವರು, ಆಶ್ಚರ್ಯವೆಂದರೆ, ಭರವಸೆಯ ಪದವನ್ನು ಹಾಡಿದ ಕನಕದಾಸರೇ. ಅವರ ರಾಮಧಾನ್ಯಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಹಿರಿಮೆಯ ಜಗಳ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದಾಗ ಅಕ್ಕಿ ಕೆಟ್ಟಿತು, ರಾಗಿ ಉಳಿಯಿತು. ಕೆಡದೆ ಉಳಿಯುವುದು, ಮಳೆಯಿಲ್ಲದ ವರ್ಷ ಬಡವನನ್ನು ಸಾಕುವುದು ಎಂಬುದೇ ಅದರ ಗೆಲುವಿನ ಕಾರಣ. ತಳಮಳಿಸಬೇಡವೆಂದು ಮನಸ್ಸಿಗೆ ಹೇಳಿದ ಕವಿಯೇ ಹಗೇವಿನ ರಾಗಿಯನ್ನು ಕೊಂಡಾಡಿದನು. ದೇವರಲ್ಲಿ ಭರವಸೆಯೂ ಕಾಳಿನಲ್ಲಿ ಎಚ್ಚರವೂ ಒಂದೇ ಎದೆಯಲ್ಲಿ ಇರಬಲ್ಲುವೆಂಬುದಕ್ಕೆ ಬೇರೆ ಸಾಕ್ಷಿ ಏಕೆ?

ಕೊಳಗವನ್ನು ಹಿಡಿದ ಸಂಸ್ಥೆಗಳೂ ನಮ್ಮ ಜಿಲ್ಲೆಗೆ ಅಪರಿಚಿತವಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ಆ ಮಠದಲ್ಲಿ ವೇದವ್ಯಾಕರಣಗಳ ಪಾಠವಾಗುತ್ತಿದ್ದುದನ್ನು ಹೇಳಿ ಅಷ್ಟಕ್ಕೇ ತೃಪ್ತವಾಗುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು ಮೊದಲಾದವರಿಗೆ ಅನ್ನವೂ, ರೋಗಿಗಳಿಗೆ ಚಿಕಿತ್ಸೆಯೂ ದೊರೆಯುವ ಸ್ಥಾನವೆಂದು ಅದನ್ನು ಹೊಗಳುತ್ತದೆ. ಅದು ಬಿಜ್ಜಳನ ಆಳ್ವಿಕೆಯ ಕಾಲ. ಅದೇ ಕಾಲದಲ್ಲಿ ಕಲ್ಯಾಣದ ಬೀದಿಯಲ್ಲಿ ಮಾರಯ್ಯನು ಅಕ್ಕಿಯನ್ನು ಆಯುತ್ತಿದ್ದನು. ಒಂದು ಕಡೆ ದತ್ತಿಯಿಂದ ತುಂಬಿದ ಮಠದ ಉಗ್ರಾಣ, ಇನ್ನೊಂದು ಕಡೆ ಮಡಿಲಲ್ಲಿ ಹಿಡಿಯಷ್ಟು ಅಕ್ಕಿ; ಅಳತೆ ದೊಡ್ಡದು ಚಿಕ್ಕದಾದರೂ ಕೈಯ ಧರ್ಮ ಒಂದೇ. ಹದಿನೇಳನೆಯ ಶತಮಾನದ ಕೆಳದಿಯ ಶಿವಪ್ಪನಾಯಕನು ಭೂಮಿಯ ಹುಟ್ಟುವಳಿಯನ್ನು ಪರೀಕ್ಷಿಸಿ ಕಂದಾಯವನ್ನು ಗೊತ್ತುಮಾಡಿದ ಕ್ರಮವನ್ನು ಇಂದಿಗೂ ಶಿವಪ್ಪನಾಯಕನ ಶಿಸ್ತೆಂದು ಕರೆಯುತ್ತೇವೆ. ಲೆಕ್ಕವೆಂಬುದು ಜಿಪುಣತನವಲ್ಲ, ನ್ಯಾಯವೆಂಬ ತಿಳಿವಳಿಕೆ ಈ ಸೀಮೆಗೆ ಹಳೆಯದು.

ದಾಸರ ಪದವೂ ಲೂಕನ ಅಧ್ಯಾಯವೂ ಒಂದೇ ಕನ್ನಡ ಮನೆಯ ಗೂಡಿನಲ್ಲಿ ಪಕ್ಕಪಕ್ಕದಲ್ಲಿರುವಂತಾದದ್ದೂ ಒಂದು ಮನೆವಾರ್ತೆಯ ಕಥೆಯೇ. 1843ರಲ್ಲಿ ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಬಾಸೆಲ್ ಮಿಶನ್ನಿನ ಮೋಗ್ಲಿಂಗನೇ ಕೆಲವು ವರ್ಷಗಳ ಬಳಿಕ ದಾಸರ ಪದಗಳನ್ನು ಕೂಡಿಸಿ ಅಚ್ಚುಹಾಕಿಸಿದನು. ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಆ ಮಾಲೆಗೆ ಹಣವನ್ನು ಒದಗಿಸಿದವನು ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ಅಧಿಕಾರಿ ಕಾಸಾಮೇಜರನು. ಪರಮತದ ಹಾಡುಗಳನ್ನು ಅಚ್ಚುಮಾಡುವುದರಲ್ಲಿ ಅವರಿಗೆ ತಮ್ಮದೇ ಉದ್ದೇಶಗಳಿದ್ದಿರಬಹುದು. ಜನರ ಮನಸ್ಸನ್ನು ತಿಳಿದು ಬೋಧಿಸಬೇಕೆಂಬುದು ಅವುಗಳಲ್ಲಿ ಒಂದು. ಆದರೂ ಕೈಗೆ ಬಂದ ಸೊತ್ತನ್ನು ಕೆಡದಂತೆ ಕಾಯ್ದು ಒಡೆಯರಿಗೆ ಒಪ್ಪಿಸಿದರೆಂಬುದು ಸುಳ್ಳಾಗದು. 1853ರಲ್ಲಿ ಈ ನಾಡಿಗೆ ಬಂದ ಕಿಟ್ಟೆಲರು 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಕನ್ನಡಿಗರ ಕೈಯಲ್ಲಿಟ್ಟರು. ನಾಲ್ಕು ದಶಕಗಳ ಆ ದುಡಿತವನ್ನು ಶಬ್ದಗಳ ಕಣಜವೆಂದು ಕರೆದರೆ, ಅದು ಎಲ್ಲರಿಗೂ ಬಾಗಿಲು ತೆರೆದಿಟ್ಟ ಕಣಜ. ಇಂದು ಅದನ್ನು ಬಳಸುವವನ ಮತವನ್ನು ಯಾರೂ ಕೇಳುವುದಿಲ್ಲ.

ಇನ್ನು ಭದ್ರಾವತಿಯ ಪ್ರಶ್ನೆಗೆ ಉತ್ತರವನ್ನು ಹೇಳಬಹುದು. ಸಂಬಳ ನಿಂತ ಮನೆಯವರಿಗೆ ಕಾಗೆಯ ಪಾಠವನ್ನು ಓದಬಾರದೆಂದು ನಾವು ಹೇಳುವುದಿಲ್ಲ. ಆ ಪಾಠವು ಅವರದೇ; ರಾತ್ರಿ ನಿದ್ರೆ ಬಾರದಾಗ ತಮ್ಮ ಮನಸ್ಸಿಗೆ ಹೇಳಿಕೊಳ್ಳಲು ಅವರಿಗೆ ಸುವಾರ್ತೆಯೂ ಕನಕದಾಸರ ಪದವೂ ಎರಡೂ ಇರಲಿ. ಆದರೆ ಅವರ ಪರವಾಗಿ ಅದನ್ನು ಬಾಯಿಬಿಟ್ಟು ಓದುವವರು, ಆ ಮನೆಯ ಮುಂದೆ ಹಾದುಹೋಗುವ ನಾವೆಲ್ಲರೂ, ಅಧ್ಯಾಯವನ್ನು ಕಾಗೆಯಲ್ಲಿ ಮುಚ್ಚದೆ ಕೊಳಗದವರೆಗೆ ಓದತಕ್ಕದ್ದು. ಕಾಗೆಯ ಮಾತು ಕೇಳುವವನಿಗೆ, ಕೊಳಗದ ಮಾತು ಓದುವವನಿಗೆ. ಪಕ್ಕದ ಮನೆಯ ಹುಡುಗನ ಶಾಲೆಯ ಫೀಜು, ಔಷಧದ ಅಂಗಡಿಯ ಬಾಕಿ, ಆರು ತಿಂಗಳ ಬಾಡಿಗೆ, ಒಂದು ಕೆಲಸಕ್ಕೆ ಒಂದು ಶಿಫಾರಸು: ಇಂದಿನ ಕೊಳಗವು ಇಂತಹ ಅಳತೆಗಳಲ್ಲಿದೆ. ಇವುಗಳನ್ನು ಅಳೆದುಕೊಟ್ಟ ಮೇಲೆ ದೇವರ ಮಾತು ಬೇಕಾದರೆ ಅವರೇ ತೆಗೆಯುವರು. ನಾವು ಕೇಳಿಕೊಂಡು ಕುಳಿತರೆ ಸಾಕು.

ಸಾಹಿತಿಗಳಿಗೂ ಒಂದು ಮಾತು ಉಳಿದಿದೆ. ಕಷ್ಟಕಾಲದ ಭರವಸೆಯನ್ನು ಕುರಿತು ಕನ್ನಡದಲ್ಲಿ ಹಾಡುಗಳಿಗೆ ಕೊರತೆಯಿಲ್ಲ. ಪ್ರತಿ ಮತದ ಭಜನೆಯ ಪುಸ್ತಕದಲ್ಲಿಯೂ ಅವು ದಂಡಿಯಾಗಿವೆ. ಮೂಟೆ ಹೊತ್ತವನ ಕಥೆಗಳು ಮಾತ್ರ ಬೆರಳೆಣಿಕೆಯಷ್ಟು. ಮಾರಯ್ಯನನ್ನು ತಿರುಗಿ ಕಳುಹಿಸಿದ ಲಕ್ಕಮ್ಮ, ಕಡೆಯ ಹಿಡಿಯನ್ನು ಅತಿಥಿಗೆ ತಟ್ಟಿಕೊಟ್ಟ ವಿಧವೆ, ಹೊತ್ತಿಗೆ ಸರಿಯಾಗಿ ಕಾಳು ಅಳೆದ ಹೆಸರಿಲ್ಲದ ಮನೆವಾರ್ತೆಯವನು: ಇವರ ಬಳಗಕ್ಕೆ ಸೇರತಕ್ಕವರು ಭದ್ರೆಯ ದಡದ ಊರುಗಳಲ್ಲಿ ಈಗಲೂ ಇದ್ದಾರೆ. ಅವರನ್ನು ಬರೆದಾಗ ದೇವರ ಹೆಸರನ್ನು ಬೇರೆಯಾಗಿ ಎತ್ತಬೇಕಾದ ಅಗತ್ಯವೂ ಇರಲಾರದು.